ಇಬ್ಬರು ಮುಖಂಡರ ಹೋಳಿಗೆ ಜಗಳ

ಹುಬ್ಬಳ್ಳಿಯಲ್ಲಿ ಪಾಟೀಲರ ಮನೆಯ ಬಾಗಿಲು ತೆರೆದಾಕೆ "ನಾನ ರೀ ಗಿರಿಜಾ, ಒಳಗ ಬರ್ರಿ" ಎಂದಾಗ ಕಕ್ಕಾಬಿಕ್ಕಿಯಾದೆ.

ಇಂಟರ್‌ನೆಟ್ ಹೊಸದಾಗಿ ಬಂದ ಕಾಲ. ಸಕ್ಕರೆ ಕಾಯಿಲೆಯವರಿಗಾಗಿ ಅದರಲ್ಲಿ ಗುಂಪು ನಡೆಸುತ್ತಿದ್ದವರು ಪಾಟೀಲರು ಮತ್ತು ಗಿರಿಜಾ. ಅರ್ಧ ಹೋಳಿಗೆ ತಿನ್ನಬಹುದೆಂದು ಪಾಟೀಲರು, ಕೂಡದೆಂದು ಗಿರಿಜಾ ದಿನಾ ಅಲ್ಲೇ ಜಗಳಾಡುತ್ತಿದ್ದರು. ನನಗೆ ಧೈರ್ಯ ಕೊಟ್ಟ ಗುಂಪು ಒಡೆದೀತೆಂದು ಹೆದರಿ, ರಾಜಿ ಮಾಡಿಸಲು ಧಾರವಾಡದಿಂದ ಬಂದಿದ್ದೆ. ನೋಡಿದರೆ ಇಬ್ಬರೂ ಗಂಡ ಹೆಂಡತಿ!

"ಮನ್ಯಾಗ ಹೇಳಿದ್ರ ಇವರು ಕಿವಿಗೇ ಹಾಕ್ಕೊಳ್ಳೂದಿಲ್ರಿ. ಅಲ್ಲಿ ಬರದ್ರ ಉತ್ತರಾನರ ಕೊಡ್ತಾರ" ಎಂದರು ಗಿರಿಜಾ. ಕಂಪ್ಯೂಟರ್ ಮುಂದಿದ್ದ ಪಾಟೀಲರು ಪೆಚ್ಚಾಗಿ ನಕ್ಕರು.

ಮನೆಯಲ್ಲಿ ಯಾರಿಗೂ ಹೇಳದಿದ್ದ ನನ್ನ ಕಾಯಿಲೆಯನ್ನು ಆ ಸಂಜೆಯೇ ಗಂಡನಿಗೆ ಹೇಳಿದೆ. ಅವರು ಎದ್ದುಹೋಗಿ ಇಬ್ಬರಿಗೂ ಸಕ್ಕರೆಯಿಲ್ಲದ ಚಹಾ ಮಾಡಿ ತಂದರು. ಮೊದಲ ಗುಟುಕಿಗೇ ಮುಖ ಕಿವುಚಿದರೂ, ಕಪ್ಪು ಖಾಲಿ ಮಾಡಿದರು.