ಅತ್ತೆ ಕರಿದ ಸಿಸಿಲಿ

ಮೊನ್ನೆ ಭಾನುವಾರ ನಮ್ಮತ್ತೆ ಸಿಸಿಲಿಯನ್ನು ಎಣ್ಣೆಯಲ್ಲಿ ಕರಿದುಬಿಟ್ಟರು!

ನಗಬೇಡಿ. ಅಮೆರಿಕದ ಆಲ್ಡಿಯ ನಮ್ಮ ಮನೆಯಲ್ಲೇ ನಡೆದದ್ದು.

ಇಲ್ಲಿನ ಅಡುಗೆಮನೆಯ ನಟ್ಟನಡುವೆ ಒಂದು ದೊಡ್ಡ ಕಟ್ಟೆ ಇರುತ್ತದಲ್ಲ, ಅದಕ್ಕೆ ಐಲ್ಯಾಂಡ್ ಅನ್ನುತ್ತಾರೆ. ದ್ವೀಪ! ಮೈಸೂರಿನಿಂದ ನನ್ನಮ್ಮ, ಬೆಂಗಳೂರಿನಿಂದ ನಮ್ಮತ್ತೆ ಒಟ್ಟಿಗೇ ಬಂದಿಳಿದಾಗಿನಿಂದ ಅದು ರಣರಂಗ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲಿ ಶುರುವಾಗಿ, ಸಿಂಕ್ ಕಡೆಯ ಅರ್ಧ ಅಮ್ಮನಿಗೆ, ಒಲೆ ಕಡೆಯ ಅರ್ಧ ಅತ್ತೆಗೆ ಎಂದು ಪಾಲಾಯಿತು. (ನನ್ನ ಕಾಫಿ ಲೋಟಕ್ಕೆ ಅಂಗೈಯಗಲ ಜಾಗ ಬಿಟ್ಟಿದ್ದರು.)

ಅದೇ ಹೊತ್ತಿಗೆ ಮಗಳು ಅನಘಾಗೆ ಸ್ಕೂಲ್ ಪ್ರಾಜೆಕ್ಟ್. ಸಿಸಿಲಿ ದ್ವೀಪಕ್ಕಾಗಿ ರೋಮ್ ಮತ್ತು ಕಾರ್ತೇಜ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಡಿದಾಡಿದ ಕಥೆ. (ಪುಣ್ಯಕ್ಕೆ ನಮ್ಮ ಮನೆಯ ಇಬ್ಬರದು ಆರು ತಿಂಗಳ ವೀಸಾ.) ಮಾಡೆಲ್ ಮಾಡಲು ಮೈದಾಕ್ಕೆ ಉಪ್ಪು ಸುರಿದು ನಾದಿ, ಒದ್ದೆ ಬಟ್ಟೆ ಮುಚ್ಚಿ, ಐಲ್ಯಾಂಡ್ ಮೇಲಿಟ್ಟು ಸ್ನಾನಕ್ಕೆ ಹೋದಳು. ಮರುದಿನವೇ ಸಬ್ಮಿಟ್ ಮಾಡಬೇಕಿತ್ತು.

ಅತ್ತೆ ಬಟ್ಟೆ ಎತ್ತಿ ನೋಡಿದರು. ಬೀಗಿತ್ತಿ ಪೂರಿಗೆ ಹಿಟ್ಟು ಕಲಸಿಟ್ಟಿದ್ದಾರೆ, ಅದೂ ನನ್ನ ಕಡೆ ಅಂದುಕೊಂಡರು! ಬಿಡುತ್ತಾರೆಯೇ? ನಾನು ಲಾಂಡ್ರಿ ಮುಗಿಸಿ ಬರುವಷ್ಟರಲ್ಲಿ ಲಟ್ಟಿಸಿ, ಕರಿದು, ಅಮ್ಮನ ಮುಂದಿಟ್ಟಾಗಿತ್ತು.

ಮೊದಲ ತುತ್ತಿಗೇ ಅಮ್ಮ ಮುಖ ಕಿವುಚಿದರು. "ಏನ್ರೀ ಇದು, ಉಪ್ಪಿನ ಮೂಟೇನೇ ಸುರಿದಿದ್ದೀರಾ?"

"ಕಲಸಿಟ್ಟಿದ್ದು ನೀವಲ್ವೇನ್ರೀ?"

ಅನಘಾ ತಲೆ ಒರೆಸಿಕೊಳ್ಳುತ್ತ ಬಂದಳು. "ಓ ಮೈ ಗಾಡ್, ಅಜ್ಜಿ! ಅದು ನನ್ನ ಸಿಸಿಲಿ!" ಹೋ ಎಂದು ಅತ್ತಳು.

ಅಜ್ಜಿಯರಿಬ್ಬರೂ ಪೆಚ್ಚಾದರು. ಆಮೇಲೆ ಅತ್ತೆ ಹೊಸ ಹಿಟ್ಟು ನಾದಿದರು, ಅಮ್ಮ ಮ್ಯಾಪ್ ನೋಡಿಕೊಂಡು ತಟ್ಟಿದರು. ಅನಘಾ ಮೂಗೊರೆಸಿಕೊಂಡು ಕಥೆ ಹೇಳಿದಳು. "ರೋಮನ್ಸ್ ಶಿಪ್ ಮೇಲೆ ಒಂದು ಕಾಗೆ ಇತ್ತು. ಕಾಗೆ ಕೆಳಗೆ ಬಿತ್ತು. ಸೋಲ್ಜರ್ಸ್ ಕಾಗೆ ಮೇಲೆ ವಾಕ್ ಮಾಡಿದ್ರು."

"ಏಯ್, ಕಾಗೆ ಹಾರಿಸ್ಬೇಡ ಕಣೇ!" ಅಂದರು ಅಮ್ಮ. ಅತ್ತೆ ಬಿದ್ದು ಬಿದ್ದು ನಕ್ಕರು, ಅಮ್ಮನೂ ಸೇರಿಕೊಂಡರು. (ಶತ್ರುವಿನ ಹಡಗಿಗೆ ಕಚ್ಚಿಕೊಳ್ಳುವ ಸೇತುವೆ ಅದು. ಹೆಸರು ಮಾತ್ರ ಕಾಗೆ.) ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಇಲ್ಲಿ ನೋಡಿದ್ದು ಅದೇ ಮೊದಲು. ಎಷ್ಟು ಖುಷಿಯಾಯಿತು ಅಂತೀರಿ!

ಅಂದಿನಿಂದ ಶಾಂತಿ. ಗಡಿಯೇ ಇಲ್ಲ. ಇಡೀ ಐಲ್ಯಾಂಡ್ ಮೇಲೆ ಇಬ್ಬರದೂ ಜಂಟಿ ಆಡಳಿತ: ಮಿಕ್ಸಿ, ಚಕ್ಕುಲಿ ಒರಳು, ಹಪ್ಪಳದ ಹಿಟ್ಟು, ಹರಟೆ. ನಾನು ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೇನೆ.

ಕೊನೆಗೆ ರೋಮ್ ಗೆದ್ದಿತು ಅಂತ ಮಗಳ ಪುಸ್ತಕದಲ್ಲಿದೆ. ಸರಿ, ಆದರೆ ಸಿಸಿಲಿಯ ಮನೆಯಾಕೆ ತನ್ನ ಲೋಟ ಎಲ್ಲಿಟ್ಟುಕೊಂಡಳು ಅಂತ ಯಾರಾದರೂ ಬರೆದಿದ್ದಾರಾ?