ಮೂರನೆಯ ಮಡಿಕೆ

ಮೊಮ್ಮಗಳಿಗೆ ಸುಳ್ಳು ಹೇಳಿದವಳು ನಾನೇ. ಹೋದ ವರ್ಷ ದೀಪಾವಳಿಗೆ ಅವಳು ತನ್ನ ನೇರಳೆ ಬಣ್ಣದ ರೇಷ್ಮೆ ಲಂಗ ತಂದು ನನ್ನ ತೊಡೆಯ ಮೇಲೆ ಹಾಕಿ, "ಅಜ್ಜಿ, ಗಿಡ್ಡ ಆಗಿದೆ, ಇಳಿಸ್ಕೊಡು" ಎಂದಳು. ನಾನು ಲಂಗದ ಒಳಗೆ ಕೈಯಾಡಿಸಿಯೂ ನೋಡದೆ "ಬಟ್ಟೆ ಮುಗೀತು ಪುಟ್ಟಿ, ಇನ್ನಿಲ್ಲ" ಎಂದುಬಿಟ್ಟೆ. ಬಟ್ಟೆ ಇತ್ತು. ಒಳಗಡೆ ಇನ್ನೊಂದು ಮಡಿಕೆ ಇತ್ತು. ಅದನ್ನು ಹಾಕಿದ್ದು ನನ್ನ ಗಂಡ. ಅವರು ಹೊಲಿದದ್ದರಲ್ಲಿ ನನ್ನ ಪಾಲಿಗೆ ಬಿಚ್ಚದೆ ಉಳಿದದ್ದು ಅದೊಂದೇ. ಅದನ್ನೂ ಬಿಚ್ಚಿಬಿಟ್ಟರೆ ಅವರ ಕೆಲಸ ಪೂರ್ತಿ ಮುಗಿದುಹೋಗುತ್ತದೆ ಎಂದು ನನಗೆ ಹೆದರಿಕೆ.

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಅವರದ್ದು ಟೈಲರ್ ಅಂಗಡಿ. ಮಾಸ್ತಿಕಟ್ಟೆ ಕಡೆ ಅವರಪ್ಪನಿಗೆ ಇದ್ದ ಒಂದಿಷ್ಟು ಗದ್ದೆ ಹಿನ್ನೀರಿಗೆ ಹೋಯಿತು. ಅದಕ್ಕೂ ಮೊದಲೇ ಇವರು ತೀರ್ಥಹಳ್ಳಿಯಲ್ಲಿ ಒಬ್ಬರ ಹತ್ತಿರ ಹೊಲಿಗೆ ಕಲಿತಿದ್ದರು, ಅನ್ನಕ್ಕೆ ದಾರಿಯಾಯಿತು. ಜೂನ್ ಬಂತೆಂದರೆ ಯೂನಿಫಾರ್ಮಿನ ರಾಶಿ. ಯಾವ ಮಗುವಿನ ಬಟ್ಟೆಯಾದರೂ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು, ಮಡಿಕೆ ಹಾಕಿಯೇ ಹೊಲಿಯುವುದು ಅವರ ಕ್ರಮ. ಮಗು ಎತ್ತರವಾದಂತೆ ಒಂದೊಂದೇ ಮಡಿಕೆ ಬಿಚ್ಚಿಸಿಕೊಂಡು ಮೂರು ವರ್ಷ ಹಾಕಬಹುದು. ಬಿಚ್ಚಿಕೊಡುವುದೂ ಇವರೇ, ಅದೂ ಬಿಟ್ಟಿಯಾಗಿ. ನಾನು ಸುಮ್ಮನಿರುತ್ತಿರಲಿಲ್ಲ.

"ಹೀಗೆ ಬಿಟ್ಟು ಹೊಲಿದ್ರೆ ವರ್ಷ ವರ್ಷ ಹೊಸ್ದು ಯಾರು ಹೊಲಿಸ್ತಾರೆ? ತಮ್ಮ ಕಾಲ್ಮೇಲೆ ತಾವೇ ಕಲ್ಲು ಹಾಕ್ಕೊಳೋದು ಅಂದ್ರೆ ಇದೇ."

"ಮಕ್ಳು ಬೆಳೀತಾವೆ ಮಾರಾಯ್ತಿ, ಬಟ್ಟೆ ಬೆಳೆಯಲ್ಲ" ಎನ್ನುತ್ತಿದ್ದರು. ಅಷ್ಟು ಹೇಳಿ ಮಿಷನ್ ತುಳಿಯಲು ಶುರು ಮಾಡಿದರೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಸ್ವಂತ ಮಗಳಿಗೂ ಇದೇ ನ್ಯಾಯ. ಏಳನೇ ಕ್ಲಾಸಿನಲ್ಲಿ ಅವಳ ನೀಲಿ ಸ್ಕರ್ಟಿನ ಮಡಿಕೆ ಬಿಚ್ಚಿದಾಗ, ಮಾಸಿದ ನೀಲಿಯ ನಡುವೆ ಹೊಸ ನೀಲಿಯ ಪಟ್ಟೆಯೊಂದು ಎದ್ದು ಕಂಡಿತು. "ಎಲ್ರೂ ನಗ್ತಾರೆ, ನಾನು ಸ್ಕೂಲಿಗೇ ಹೋಗಲ್ಲ" ಎಂದು ಅವಳು ಅತ್ತದ್ದೇ ಅತ್ತದ್ದು. ಅವರು ಆ ಪಟ್ಟೆಯ ಎರಡೂ ಅಂಚಿಗೆ ಸಣ್ಣ ಬಿಳಿ ರಿಬ್ಬನ್ ಹೊಲಿದು ಕೊಟ್ಟರು. ವಾರದೊಳಗೆ ಅವಳ ಇಬ್ಬರು ಗೆಳತಿಯರು ತಮ್ಮ ಚೆನ್ನಾಗಿದ್ದ ಸ್ಕರ್ಟನ್ನೇ ಹಿಡಿದುಕೊಂಡು ರಿಬ್ಬನ್ ಹಾಕಿಸಲು ಅಂಗಡಿಗೆ ಬಂದರು. ಹೆಡ್ ಮಾಸ್ಟರ್ ಬೈದ ಮೇಲೆಯೇ ಅದು ನಿಂತದ್ದು.

ಆ ಮಗಳು ಈಗ ಸಾಗರದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮಗಳಿಗೆ ಐದು ತುಂಬಿದ ವರ್ಷ, ಲಂಗ ಹೊಲಿಯಲು ಅವರು ನನ್ನ ನೇರಳೆ ಧಾರೆ ಸೀರೆ ಕೇಳಿದರು. ಒಡಲು ಅಲ್ಲಲ್ಲಿ ಹಿಸಿದಿತ್ತು, ಅಂಚು ಮಾತ್ರ ಗಟ್ಟಿ. ಕೊಟ್ಟೆ. ಹೊತ್ತು ಮುಳುಗುವುದರೊಳಗೆ ನಾಲ್ಕು ಲಂಗ ಹೊಲಿದು ಬಿಸಾಡುವ ಮನುಷ್ಯ, ಆ ಒಂದು ಲಂಗಕ್ಕೆ ಹನ್ನೊಂದು ದಿನ ತೆಗೆದುಕೊಂಡರು. ಕೆಲಸವನ್ನು ಮನೆಗೇ ತಂದು ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ಕೂರುತ್ತಿದ್ದರು. ಎರಡು ಮಡಿಕೆ ಆಗಿತ್ತು, ಮೂರನೆಯದೂ ಬೇಕೆಂದರು.

"ಹನ್ನೊಂದು ದಿನ ಬೇಕಾ ಒಂದು ಲಂಗಕ್ಕೆ? ನಿಮಗೆ ಮೈಗಳ್ಳತನ ಬಂದಿದೆ ಅಷ್ಟೇ" ಎಂದೆ. ಅವರು ತಿರುಗಿ ನೋಡದೆ, "ಆಯ್ತು ಮಾರಾಯ್ತಿ, ಇದೊಂದಾಗ್ಲಿ" ಎಂದರು.

ದೀಪಾವಳಿಗೆ ಮಗು ಆ ಲಂಗ ಹಾಕಿಕೊಂಡು ಕುಣಿಯಿತು. ಮೂರು ವಾರಕ್ಕೆ ಇವರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು, ಆಮೇಲೆ ಮಾತು ತೊದಲಿತು. ಆಂಬುಲೆನ್ಸಿನಲ್ಲಿ ಹುಲಿಕಲ್ ಘಾಟಿ ಇಳಿದು ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಷ್ಟು ತಿರುವುಗಳಲ್ಲೂ ಅವರ ಎಡಗೈ ನನ್ನ ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕುತ್ತಲೇ ಇತ್ತು. ಗಿರಾಕಿ ತಂದ ಬಟ್ಟೆ ಹತ್ತಿಯೋ ಪಾಲಿಯೆಸ್ಟರೋ ಎಂದು ಅವರು ನೋಡುತ್ತಿದ್ದದ್ದೇ ಹಾಗೆ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಇದಕ್ಕೂ ಮೊದ್ಲು ಕೈ ನಡುಗೋದು, ಜೋಮು ಹಿಡಿಯೋದು, ಏನಾದ್ರೂ ಇತ್ತಾ ಅಮ್ಮಾ? ಇಂಥದ್ದು ಮೊದ್ಲೇ ಸೂಚನೆ ಕೊಡೋದುಂಟು."

"ಇಲ್ಲ ಸಾರ್. ಏನೂ ಇರ್ಲಿಲ್ಲ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ನಲವತ್ತು ವರ್ಷ ಅವರ ಜೊತೆ ಬಾಳಿದವಳು, ನನಗೆ ತಿಳಿಯದ್ದು ಏನಿರುತ್ತದೆ ಎಂಬ ಗತ್ತು.

ಯುಗಾದಿಗೆ ಮೊದಲೇ ಹೋದರು. ಮಣ್ಣಿಗೆ ಬಂದವರಲ್ಲಿ ಹುಲಿಕಲ್ ಕಡೆಯ ಒಬ್ಬರು, ನಡುವಯಸ್ಸಿನವರು, ಮಗಳ ಎದುರು ನಿಂತು ಪ್ಯಾಂಟಿನ ತುದಿ ಮಡಚಿ ತೋರಿಸಿದರು. "ನೋಡಿ, ನಂಗೂ ಒಂದಿಂಚು ಬಿಟ್ಟಿದಾರೆ. ನಾನು ಇನ್ನು ಬೆಳೀತೀನಾ?" ಎಂದು ನಗಲು ಹೋಗಿ ಬಿಕ್ಕಿಬಿಟ್ಟರು. ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ. ಆ ಪ್ಯಾಂಟಿನ ಒಂದಿಂಚು ನೋಡಿ ಅತ್ತುಬಿಟ್ಟೆ.

ಅಂಗಡಿ ಖಾಲಿ ಮಾಡಿ ನಾನು ಸಾಗರಕ್ಕೆ ಮಗಳ ಮನೆಗೆ ಬಂದೆ. ಆ ವರ್ಷದ ದೀಪಾವಳಿಗೆ ಲಂಗದ ಮೊದಲ ಮಡಿಕೆ ಬಿಚ್ಚಿದೆ, ಮುಂದಿನ ವರ್ಷ ಎರಡನೆಯದು. ಎರಡೂ ಮಿಷನ್ ಹೊಲಿಗೆ. ಒಂದು ಎಳೆ ಹಿಡಿದು ಎಳೆದರೆ ಸರಸರ ಬಂತು. ಆಗೆಲ್ಲ ಇನ್ನೊಂದಿದೆಯಲ್ಲ ಎಂಬ ಧೈರ್ಯವಿತ್ತು. ಮೂರನೆಯದರ ಸರದಿ ಬಂದಾಗ ಸುಳ್ಳು ಹೇಳಿದೆ.

ಸುಳ್ಳು ಒಂದು ವರ್ಷ ಬಾಳಿತು. ಈ ಸಲ ಹಬ್ಬಕ್ಕೆ ಮಗಳು ಲಂಗ ಇಸ್ತ್ರಿ ಮಾಡುತ್ತ ತಿರುವಿ ನೋಡಿದಳು. "ಅಮ್ಮಾ, ಇಲ್ಲಿನ್ನೂ ಒಂದು ಟಕ್ ಇದೆಯಲ್ಲ. ಇಲ್ಲ ಅಂದ್ಯಂತೆ?" ಅವಳು ನನ್ನ ಮುಖ ನೋಡಿ ಇಸ್ತ್ರಿಪೆಟ್ಟಿಗೆ ಆರಿಸಿದಳು. "ಅಪ್ಪ ಅದನ್ನ ಬಿಚ್ಚಕ್ಕೇ ಅಲ್ವಾ ಹಾಕಿದ್ದು" ಎಂದಳು. ಅವಳು ಅಪ್ಪನ ಮಗಳು, ಜಾಸ್ತಿ ಮಾತಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಬ್ಲೇಡು ಹಿಡಿದು ಕೂತೆ. ಇದು ಮಿಷನ್ ಹೊಲಿಗೆಯಾಗಿರಲಿಲ್ಲ, ಕೈಹೊಲಿಗೆ. ಒಂದು ಹೊಲಿಗೆ ಗೋಧಿ ಕಾಳಿನಷ್ಟು, ಪಕ್ಕದ್ದು ಬೆರಳಗಲ. ನಾಲ್ಕು ಹೊಲಿಗೆಗೊಂದು ಗಂಟು. ದಾರ ತುಂಡಾದಾಗ ಹಾಕುವ ಗಂಟಲ್ಲ. ಕೈ ನಿಂತಲ್ಲಿ ಹಾಕಿ, ಸುಧಾರಿಸಿಕೊಂಡು ಮತ್ತೆ ಶುರು ಮಾಡಿದ ಗಂಟು. ಮೊಮ್ಮಗಳು ಪಕ್ಕದಲ್ಲೇ ಕೂತು "ಎಷ್ಟ್ ಹೊತ್ತು ಅಜ್ಜಿ?" ಎಂದು ಪೀಡಿಸುತ್ತಿದ್ದಳು.

ಮಡಿಕೆ ಬಿಚ್ಚಿಕೊಂಡಿತು. ನಾಲ್ಕು ವರ್ಷ ಬೆಳಕು ಕಾಣದ ರೇಷ್ಮೆ ನನ್ನ ಮದುವೆಯ ದಿನದ ನೇರಳೆಯಂತೆಯೇ ಇತ್ತು. ಅದರ ಒಳಮಗ್ಗುಲಲ್ಲಿ ಚಾಕ್‌ಪೀಸಿನ ಬಿಳಿ ಗೆರೆ. ಗೆರೆ ಎನ್ನಲು ನಾಚಿಕೆಯಾಗಬೇಕು. ಅಂಕುಡೊಂಕಾಗಿ ಹೋಗಿ, ಅಳಿಸಿ, ಮತ್ತೆ ಎಳೆದು, ಅದೂ ಜಾರಿ, ಮೂರನೆಯ ಸಲ ಅದರ ಮೇಲೇ ಎಳೆದಿದ್ದರು. ಅಡಿಪಟ್ಟಿ ಇಲ್ಲದೆ ಗಜಗಟ್ಟಲೆ ಬಟ್ಟೆಯ ಮೇಲೆ ನೇರ ಗೆರೆ ಹೊಡೆಯುತ್ತಿದ್ದ ಕೈ ಅದು.

"ಅಜ್ಜಂಗೆ ಗೆರೆ ಎಳೆಯಕ್ಕೆ ಬರ್ತಿರ್ಲಿಲ್ವಾ?" ಎಂದಳು ಮೊಮ್ಮಗಳು.

ನನಗೆ ಎಲ್ಲಿತ್ತೋ ಸಿಟ್ಟು. "ಬರ್ತಿರ್ಲಿಲ್ವಾ ಅಂದ್ರೆ? ಅಷ್ಟು ನೆಟ್ಟಗೆ ಎಳೆಯೋರು ಈ ಮೂರು ತಾಲ್ಲೂಕಲ್ಲಿ ಇನ್ನೊಬ್ರಿರ್ಲಿಲ್ಲ!" ಎಂದು ಗದರಿದೆ. ಅವಳು ಹೆದರಿ ಹಿಂದೆ ಸರಿದಳು. ಮಗುವಿನ ತಪ್ಪೇನು? ಕೈ ಹಿಡಿದು ಹತ್ತಿರ ಕೂರಿಸಿಕೊಂಡೆ. "ಅಜ್ಜನ ಕೈ ಸೋತಿತ್ತು ಪುಟ್ಟಿ. ಯಾರಿಗೂ ಹೇಳ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನೋಡ್ಲಿಲ್ಲ." ಹನ್ನೊಂದು ದಿನ ಅವರು ನನಗೆ ಬೆನ್ನು ಹಾಕಿ ಕೂತದ್ದು ಈ ಕೈಯನ್ನು ಮುಚ್ಚಿಡಲು. ನಾನು ಆ ಬೆನ್ನಿಗೆ ಮೈಗಳ್ಳ ಎಂದೆ. ಡಾಕ್ಟರು ಕೇಳಿದಾಗ ಏನೂ ಇರಲಿಲ್ಲ ಎಂದೆ. ಎದ್ದು ಹೋಗಿ ಒಂದು ಸಲ ಅವರ ಎದುರು ನಿಂತಿದ್ದರೆ ಸಾಕಿತ್ತು. ಬದುಕುತ್ತಿದ್ದರೋ ಇಲ್ಲವೋ, ಅದು ಗೊತ್ತಿಲ್ಲ. ಆ ಕೈ ಹಿಡಿದುಕೊಳ್ಳುವುದಕ್ಕಾದರೂ ಆಗುತ್ತಿತ್ತು.

ಮಗಳು ಒದ್ದೆ ಬಟ್ಟೆಯಿಂದ ಗೆರೆ ಒರೆಸಲು ಬಂದಳು. ಬೇಡವೆಂದೆ. ಒಳಮಗ್ಗುಲಿಗೆ ತಾನೇ ಇರುವುದು, ಯಾರಿಗೂ ಕಾಣುವುದಿಲ್ಲ. ಹಬ್ಬಕ್ಕಷ್ಟೇ ಹಾಕುವ ಈ ರೇಷ್ಮೆ ಇನ್ನೂ ನೀರು ಕಂಡಿಲ್ಲ, ಒಗೆದಾಗ ಹೇಗೂ ಹೋಗುತ್ತದೆ.

ಮೊಮ್ಮಗಳು ಲಂಗ ಹಾಕಿಕೊಂಡು ಬಂದು ನಿಂತಳು. ಅಂಚು ಸರಿಯಾಗಿ ಅವಳ ಪಾದದ ಮೇಲೆ ಬಂದು ಕೂತಿತ್ತು. ಐದು ವರ್ಷದ ಮಗುವನ್ನು ನೋಡಿ ಅವಳು ಒಂಬತ್ತಕ್ಕೆ ಎಷ್ಟು ಉದ್ದವಾಗುತ್ತಾಳೆಂದು ಆ ಮನುಷ್ಯ ಲೆಕ್ಕ ಹಾಕಿದ್ದರು. ಕೈ ನಡುಗಿದ್ದರೂ ಅಳತೆ ತಪ್ಪಿರಲಿಲ್ಲ.

ಅವಳು ಒಂದು ಸುತ್ತು ತಿರುಗಿ ನಿಂತು ಕೇಳಿದಳು, "ಮುಂದಿನ ವರ್ಷಕ್ಕೂ ಅಜ್ಜ ಬಿಟ್ಟಿದಾರಾ?"

"ಇಲ್ಲ ಪುಟ್ಟಿ. ಮುಗೀತು" ಎಂದೆ. ಈ ಸಲ ಹೇಳಿದ್ದು ಸುಳ್ಳಲ್ಲ.