ಯಾರ ಮನೆಯ ರೊಟ್ಟಿ

ಪಂಚಮಿಯ ಹಬ್ಬದಲ್ಲಿ ನಾಗಪ್ಪನಿಗೆ ಹಾಲೆರೆಯುವ ದಿನ ನಮ್ಮ ಕಡೆ ಒಲೆಯ ಮೇಲೆ ಹೆಂಚು ಇಡುವುದಿಲ್ಲ. ಹೆಂಚು ಕಾಯಿಸಿದರೆ ನಾಗರ ಹೆಡೆಯನ್ನೇ ಸುಟ್ಟಂತೆ ಎಂಬ ನಂಬಿಕೆ. ಈಳಿಗೆಯನ್ನೂ ಮುಟ್ಟುವುದಿಲ್ಲ. ಹೀಗಾಗಿ ಅಂದು ಮನೆಗೆ ಬಂದವರ ತಾಟಿಗೆ ಬೀಳುವುದೆಲ್ಲ ಮೊದಲೇ ಮಾಡಿಟ್ಟದ್ದು: ಗರಿಗರಿಯಾಗಿ ಒಣಗಿದ ಕಟಕ್ ರೊಟ್ಟಿ, ಚಟ್ನಿಪುಡಿ, ಸಿಹಿ ಉಂಡಿ, ಹುರಿದು ಅರಳಿಸಿದ ಜೋಳದ ಅಳ್ಳು, ಗಡಿಗೆಯ ಮೊಸರು. ಕೈ ಸುಡುವುದಿಲ್ಲ, ಹೊಗೆ ಕಣ್ಣಿಗೆ ಹತ್ತುವುದಿಲ್ಲ. ವರ್ಷದಲ್ಲಿ ಬೀಗರಿಗೆ ತಾಟು ಹಚ್ಚಿ ಬಡಿಸಲು ಇಷ್ಟು ಸುಲಭವಾದ ದಿನ ಇನ್ನೊಂದಿಲ್ಲ. ಅಂಥ ದಿನ ನಾನು ನನ್ನ ಅಕ್ಕನ ಬಾಳು ಕೆಡಿಸುವುದರಲ್ಲಿದ್ದೆ.

ನನಗಾಗ ಹದಿನೇಳು ವರ್ಷ. ಇಳಕಲ್ಲಿನಲ್ಲಿ ನಮ್ಮದು ಎರಡು ಮಗ್ಗದ ಮನೆ. ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದವರು ಊರಿಗೆ ಮರಳಿ ಕೆಲವು ವರ್ಷಗಳಾಗಿದ್ದವು. ನನ್ನನ್ನು ಬಾಗಲಕೋಟೆಗೆ ಕೊಟ್ಟಿದ್ದರು. ನನ್ನ ಅತ್ತೆಯ ಅಡುಗೆಮನೆಯಲ್ಲಿ ಎಲ್ಲದಕ್ಕೂ ಜಾಗ ಗೊತ್ತಿತ್ತು. ಕತ್ತಲಲ್ಲಿ ಕೈ ಚಾಚಿದರೂ ಉಪ್ಪಿನ ಜಾಗದಲ್ಲಿ ಉಪ್ಪೇ ಸಿಗಬೇಕು. ಮೊದಲ ಆರು ತಿಂಗಳು ಅತ್ತೆ ತಿದ್ದಿದಳು, ಆಮೇಲೆ ಆ ಕ್ರಮ ನನ್ನಲ್ಲೇ ಬೇರು ಬಿಟ್ಟಿತು. ಇಂದಿಗೂ ಹೋಗಿಲ್ಲ. ಹಬ್ಬಕ್ಕೆಂದು ತವರಿಗೆ ಬಂದರೆ ಅವ್ವನ ಅಡುಗೆಮನೆ ಸಂತೆ ಮುಗಿದ ಬಯಲಿನ ಹಾಗೆ ಕಾಣುತ್ತಿತ್ತು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಕೂಡಲಸಂಗಮದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಹಿಂದಿನ ವರ್ಷದ ಪಂಚಮಿಗೆ ಬಂದವಳನ್ನು ಯಾರೂ ಮರಳಿ ಕರೆದೊಯ್ಯಲು ಬಂದಿರಲಿಲ್ಲ. ಕಾರಣ ಒಂದು ಲೋಟ ಮಜ್ಜಿಗೆ. ಬೇಸಿಗೆಯ ಮಧ್ಯಾಹ್ನ ಹೊಲದಿಂದ ಬರುವಾಗ ಅಕ್ಕ ಹತ್ತಿ ಹಿಂಜುವ ಪಿಂಜಾರರ ಮನೆಯ ಕಟ್ಟೆಯಲ್ಲಿ ಕೂತು ಮಜ್ಜಿಗೆ ಕುಡಿದಿದ್ದಳು. ಅದು ಅವಳ ಅತ್ತೆಯ ಕಣ್ಣಿಗೆ ಬಿತ್ತು. ಅವಳ ಮಾವ ಆಚಾರದಲ್ಲಿ ಬಹಳ ಬಿಗಿ. ಲಿಂಗಪೂಜೆಯಾಗದೆ ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಲಿಂಗ ಕಟ್ಟಿದವರ ಕೈಯ ಅಡುಗೆಯನ್ನಷ್ಟೇ ಉಣ್ಣುತ್ತಿದ್ದರು. ತಾಟಿಗೆ ಬಂದದ್ದು ಪ್ರಸಾದ. ಅದರಲ್ಲಿ ಒಂದು ಚೂರೂ ಬಿಡದೆ ಉಂಡು, ಕೊನೆಗೆ ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ಅಂಥವರ ಮನೆಗೆ ಇಂಥ ಸೊಸೆ ಸಲ್ಲಳು ಎಂದು ಅತ್ತೆ ಹೇಳಿ ಕಳಿಸಿದ್ದಳಂತೆ. ಮೊದಮೊದಲು "ಯಾವಾಗ ಹೋಗ್ತೀಯವ್ವಾ?" ಎಂದು ಕೇಳುತ್ತಿದ್ದ ಓಣಿಯವರು ಈಗ ಕೇಳುತ್ತಲೂ ಇರಲಿಲ್ಲ.

ಹಾಲೆರೆಯುವ ಹಿಂದಿನ ದಿನ ರೊಟ್ಟಿ ಹಬ್ಬ. ಅಂದು ಎಲ್ಲ ಮನೆಗಳಲ್ಲೂ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಬಡಿದು ಓಣಿಗೆಲ್ಲ ಹಂಚುತ್ತಾರೆ. ಕೊಟ್ಟ ಬುಟ್ಟಿ ಬರಿದಾಗಿ ವಾಪಸು ಬರುವುದಿಲ್ಲ. ಆ ವರ್ಷ ನಮ್ಮ ಮನೆಗೆ ಎದುರಿನ, ನೂಲಿಗೆ ಬಣ್ಣ ಹಾಕುವ ಮುಸಲ್ಮಾನರ ಮನೆಯಿಂದ ಒಂದು ಬುಟ್ಟಿ, ಪಕ್ಕದ, ಬಟ್ಟೆ ಹೊಲಿಯುವ ಸಿಂಪಿಗರ ಮನೆಯಿಂದ ಒಂದು ಬುಟ್ಟಿ ರೊಟ್ಟಿ ಬಂದಿತ್ತು. ನಮ್ಮದೊಂದು, ಅಕ್ಕ ಬಡಿದದ್ದು. ಅವ್ವ ಮೂರನ್ನೂ ಬಟ್ಟೆ ಮುಚ್ಚಿ ಸಾಲಾಗಿ ಇಟ್ಟಿದ್ದಳು.

ಅಂದು ಸಂಜೆ ಹುನಗುಂದದಿಂದ ಬಂದ ಗಾಡಿಯವನೊಬ್ಬ ಸುದ್ದಿ ತಂದ. ನಾಳೆ ಮುಂಜಾನೆ ಅಕ್ಕನ ಅತ್ತೆ ಮಾವ ಬರುತ್ತಾರೆ.

"ಯಾಕಂತ?" ಎಂದು ಅಪ್ಪ ಕೇಳಿದ.

"ಮಾತು ಮುಗಸಾಕ ಬರ್ತಾರಂತ್ರಿ. ಅಷ್ಟ ಹೇಳಂದ್ರು."

ಹುನಗುಂದದ ಕಡೆ ಭಾವನಿಗೆ ಇನ್ನೊಂದು ಹೆಣ್ಣು ನೋಡಿದ್ದಾರೆ ಎಂಬ ಮಾತು ನಮ್ಮ ಕಿವಿಗೆ ಮೊದಲೇ ಬಿದ್ದಿತ್ತು. ಅಕ್ಕ ಹೋಗಿ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿಗೆ ಕೂತಳು.

ಮುಂಜಾನೆ ಅವ್ವ ಮತ್ತು ಅಕ್ಕ ಹಾಲಿನ ಗಿಂಡಿ ಹಿಡಿದು ಹುತ್ತಕ್ಕೆ ಹೊರಟರು. ಅವ್ವ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದಳು: "ತಂಗೀ, ಇವತ್ತ ಒಲಿ ಕೆಲಸ ಇಲ್ಲ. ತಾಟು ಹಚ್ಚೂದಷ್ಟ ನಿಂದು. ಮನಿ ಒಂದೀಟು ಚಂದ ಕಾಣೂಹಂಗ ಮಾಡಿರು."

ನಾನು ಸೆರಗು ಕಟ್ಟಿದೆ. ನೆಲ ಸಾರಿಸಿದೆ. ಚಟ್ನಿಪುಡಿಯ ಗಡಿಗೆಗಳನ್ನು ಒಂದು ಸಾಲಿಗೆ ತಂದೆ: ಶೇಂಗಾ, ಗುರೆಳ್ಳು, ಅಗಸಿ. ಉಂಡಿಗಳನ್ನು ಬಿದಿರಿನ ಮೊರದಲ್ಲಿ ಹರವಿದೆ. ಆಮೇಲೆ ರೊಟ್ಟಿಯ ಬಟ್ಟೆ ಸರಿಸಿದೆ. ಮೂರು ಬುಟ್ಟಿಗಳಲ್ಲೂ ಜೋಳ, ಸಜ್ಜೆ ಕೂಡಿಕೊಂಡು ಇದ್ದವು. ಬೀಗರ ಮುಂದೆ ಹೀಗೆ ಗಲಿಬಿಲಿ ಇದ್ದರೆ ಏನು ಚಂದ ಎಂದುಕೊಂಡೆ. ಮೂರೂ ಬುಟ್ಟಿಯ ಜೋಳದ ರೊಟ್ಟಿಗಳನ್ನೆಲ್ಲ ಒಂದು ದೊಡ್ಡ ಬುಟ್ಟಿಗೆ, ಸಜ್ಜೆಯವನ್ನೆಲ್ಲ ಇನ್ನೊಂದಕ್ಕೆ ಒಟ್ಟಿದೆ. ಅಂಚು ಅಂಚಿಗೆ ಕೂಡುವಂತೆ ಒಟ್ಟಿದೆ. ಖಾಲಿಯಾದ ಬುಟ್ಟಿಗಳನ್ನು ತೊಳೆದು ಹಿತ್ತಲ ಬಿಸಿಲಿಗೆ ಇಟ್ಟೆ. ನಿಂತು ನೋಡಿದೆ. ನನ್ನ ಅತ್ತೆ ನೋಡಿದ್ದರೂ ತಪ್ಪು ಹುಡುಕಲಾರಳು ಅನ್ನಿಸಿತು.

ಅವ್ವ, ಅಕ್ಕ ಮರಳಿ ಬರುವುದಕ್ಕೂ ಬೀಗರ ಗಾಡಿ ಬಾಗಿಲ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ಅಪ್ಪ ಕಾಲಿಗೆ ನೀರು ಕೊಟ್ಟು, ಅಕ್ಕನ ಮಾವನವರನ್ನು ಸ್ನಾನಕ್ಕೆ ಬಾವಿಯ ಕಡೆ ಕರೆದುಕೊಂಡು ಹೋದ. ಅಕ್ಕನ ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಳು. ಅವ್ವ ಒಳಗೆ ಬಂದಳು, ಬುಟ್ಟಿಗಳನ್ನು ನೋಡಿದಳು.

"ಎದುರಿನವರ ರೊಟ್ಟಿ ಎಲ್ಲಿ ಇಟ್ಟಿ?"

"ಅದರಾಗ ಅದಾವಲ್ಲ. ಜೋಳದ್ದು ಇಲ್ಲಿ, ಸಜ್ಜೀದು ಇಲ್ಲಿ."

"ಯಾರ ಮನೀವು ಯಾವು?"

ಆಗ ನನಗೆ ತಿಳಿಯಿತು. ಲಿಂಗ ಕಟ್ಟದವರ ಕೈಯ ರೊಟ್ಟಿಯನ್ನು ಮಾವನವರು ಮುಟ್ಟುವುದಿಲ್ಲ.

ಅವ್ವ ದೊಡ್ಡ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಧ್ವನಿ ತಗ್ಗಿಸಿಯೇ ಬೈದಳು. "ನಿನ್ನ ಚೊಕ್ಕತನಕ್ಕ ಬೆಂಕಿ ಹತ್ತಲಿ. ಇನ್ನ ಹೆಂಚು ಇಟ್ಟು ಬಡೀಲೇನು ಹಾಲೆರೆಯೋ ದಿನ?"

ಸ್ನಾನ, ಪೂಜೆ ಎಂದರೆ ಹೆಚ್ಚೆಂದರೆ ಒಂದು ತಾಸು. ಮೂವರೂ ಬುಟ್ಟಿಯ ಸುತ್ತ ಕೂತೆವು. ರೊಟ್ಟಿಗೆ ಕೈಯ ಗುರುತು ಇರುತ್ತದೆ. ದಿನಾಲು ಬಡಿಯುವವರಿಗೆ ಅದು ಗೊತ್ತು. ಎದುರು ಮನೆಯಾಕೆಯ ರೊಟ್ಟಿ ಸೀರೆಯ ಹಾಗೆ ತೆಳ್ಳಗೆ, ಅಗಲ. ಸಿಂಪಿಗರದು ನಡುವೆ ದಪ್ಪ. ಅಕ್ಕನ ಬಲಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅವಳು ಬಡಿದ ರೊಟ್ಟಿಯ ಅಂಚಿನಲ್ಲಿ ಒಂದು ಸಣ್ಣ ತಗ್ಗು ಬೀಳುತ್ತಿತ್ತು. ಅವ್ವ ಒಂದೊಂದನ್ನೇ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ, ಈ ಕಡೆ ಆ ಕಡೆ ಇಡತೊಡಗಿದಳು. ಹೊರಗೆ ಅತ್ತೆ ಕೆಮ್ಮಿದಾಗಲೆಲ್ಲ ನಾವು ಕೈ ತಡೆಯುತ್ತಿದ್ದೆವು. ರೊಟ್ಟಿ ಕಟಕ್ ಎಂದರೂ ಬಾಗಿಲ ಕಡೆ ನೋಡುತ್ತಿದ್ದೆವು. ಅಕ್ಕನ ತಗ್ಗಿದ್ದ ಜೋಳದ ರೊಟ್ಟಿಗಳು ಒಂಬತ್ತು ಸಿಕ್ಕವು. ಅನುಮಾನಕ್ಕೆ ಜಾಗವಿರಲಿಲ್ಲ.

ಸಜ್ಜೆಯ ರೊಟ್ಟಿ ಮಾತ್ರ ಸೋಲಿಸಿತು. ಒತ್ತಾಗಿ ಹಚ್ಚಿದ ಎಳ್ಳು ಬೆರಳಿನ ಗುರುತನ್ನೆಲ್ಲ ನುಂಗಿತ್ತು. ಸಜ್ಜೆಯ ಹಿಟ್ಟಿಗೆ ಅಂಟು ಕಡಿಮೆ, ಅಂಚು ಯಾರು ಬಡಿದರೂ ಬಿರಿಯುತ್ತದೆ. ಮೂರು ಮನೆಯವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

"ಎದುರಿನಾಕಿ ಕೈಯ ಬಣ್ಣ ಒಂದೀಟು ಹತ್ತಿದ್ರ ಆದ್ರೂ ಗುರ್ತ ಸಿಗತಿತ್ತು" ಎಂದಳು ಅವ್ವ. ನಗಲು ಯಾರಿಗೂ ಆಗಲಿಲ್ಲ.

ಪೂಜೆಯ ಗಂಟೆ ಕೇಳಿಸಿತು.

ಅವ್ವ ಒಂದು ಸಜ್ಜೆ ರೊಟ್ಟಿ ಎತ್ತಿ ತಾಟಿನ ಮೇಲೆ ಹಿಡಿದಳು. "ಇಡತೇನಿ. ಯಾರಿಗೆ ಗೊತ್ತಾಗತೈತಿ? ಅವರಿಗೆ ಸಜ್ಜಿ ರೊಟ್ಟಿ ಅಂದ್ರ ಜೀವ."

"ಬ್ಯಾಡ" ಎಂದಳು ಅಕ್ಕ. "ಅವರು ತಾಟು ತೊಳದು ಕುಡೀತಾರ, ಯವ್ವ. ನಂಬಿ ಕುಡಿಯೋರಿಗೆ ಹಂಗ ಮಾಡಬಾರದು."

"ನಿನ್ನ ಬಾಳೇವು ನೋಡಲೋ, ಅವರ ನೇಮ ನೋಡಲೋ?"

"ಎರಡೂ ನನ್ನ ಮ್ಯಾಲೆ ಬಿಡು."

ಅವ್ವ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. ನಾನು ತಾಟು ಹಚ್ಚಿದೆ. ಎಡಕ್ಕೆ ಮೂರು ಜೋಳದ ರೊಟ್ಟಿ. ಎದುರಿಗೆ ಶೇಂಗಾ ಚಟ್ನಿ, ಅದರ ಪಕ್ಕ ಗುರೆಳ್ಳು. ಒಂದೊಂದರ ನಡುವೆಯೂ ಎಣ್ಣೆಗೆ ಒಂದು ಕುಳಿ. ನೆನೆಸಿದ ಮಡಿಕೆ ಕಾಳು. ಹೆಚ್ಚುವಂತಿಲ್ಲವಾದ್ದರಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಕೈಯಿಂದ ಮುರಿದ ಸೌತೆಕಾಯಿ, ಬಿಡಿಸಿದ ಮೆಂತ್ಯದ ಎಲೆ. ಕಾಳಿನ ಮೇಲೆ ಬೆಣ್ಣೆ. ಬಲಕ್ಕೆ ಎರಡು ಉಂಡಿ, ಒಂದು ಹಿಡಿ ಅಳ್ಳು. ಮೊಸರು ಆಮೇಲೆ. ಯಾವುದೂ ಯಾವುದಕ್ಕೂ ತಾಕಲಿಲ್ಲ.

ಮಾವನವರು ವಿಭೂತಿ ಹಚ್ಚಿಕೊಂಡು ಬಂದು ಚಾಪೆಯ ಮೇಲೆ ಕೂತರು. ತಾಟು ನೋಡಿ ಕೈ ಮುಗಿದರು. ಅಷ್ಟರಲ್ಲಿ ಗೋಡೆಯ ಬಳಿಯಿಂದ ಅತ್ತೆಯ ಮಾತು ಬಂತು.

"ಪಂಚಮ್ಯಾಗ ಸಜ್ಜಿ ರೊಟ್ಟಿ ಇಲ್ಲದ ತಾಟು ಇವತ್ತ ಕಂಡೆ ನೋಡವ್ವಾ, ಬೀಗತಿ."

"ಈ ಸಲ ಸಜ್ಜಿ ಚಲೋ ಬರಲಿಲ್ರಿ" ಎಂದಳು ಅವ್ವ.

"ಹಂಗೇನು? ಮತ್ತ ಒಳಗ ಆ ಬುಟ್ಟ್ಯಾಗ ಎಳ್ಳು ಹಚ್ಚಿದ್ದು ಕಾಣತಾವಲ್ಲ, ಅವೇನು ಹಪ್ಪಳೇನು? ಮಾತು ಮುಗಿಸಿ ಹೋಗೋ ಬೀಗರಿಗೆ ಯಾಕ ಹಾಕೂದು ಅಂತ ತಗದಿಟ್ಟೀರಿ?"

ಮಾವನವರು ರೊಟ್ಟಿ ಮುರಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಪ್ಪ ನಮ್ಮ ಕಡೆ ನೋಡಿದ. ಅವನಿಗೆ ಒಳಗಿನದು ಏನೂ ಗೊತ್ತಿರಲಿಲ್ಲ.

ಅಕ್ಕ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. "ಅದಾವ್ರಿ ಮಾವಾರ. ಆದ್ರ ನಮ್ಮ ಮನೀವು, ಬಣ್ಣಗಾರ ಸಾಬರ ಮನೀವು, ಸಿಂಪಿಗರ ಮನೀವು ಕೂಡಿ ಹೋಗ್ಯಾವು. ಗುರ್ತ ಹತ್ತವಲ್ಲವು. ಅದಕ್ಕ ಹಾಕಲಿಲ್ಲ. ತಾಟಿನ್ಯಾಗಿನವು ನಾ ಬಡಿದಾವು, ಖರೇನ."

"ಕೂಡಿಸಿದಾಕಿ ನಾನ್ರಿ" ಎಂದೆ ನಾನು.

"ಕೇಳಿದ್ರೇನು?" ಎಂದಳು ಅತ್ತೆ. "ಇಲ್ಲೂ ಅದ ಚಟಾ. ಅಲ್ಲಿ ಪಿಂಜಾರರ ಮಜ್ಜಿಗಿ, ಇಲ್ಲಿ ಸಾಬರ ರೊಟ್ಟಿ!"

ಅಕ್ಕ ಒಳಗೆ ಹೋದಳು. ಒಂದು ಸಜ್ಜೆ ರೊಟ್ಟಿ ತಂದು ಅಲ್ಲೇ ನಿಂತು ಮುರಿದು ತಿಂದಳು. ಅಷ್ಟೂ ಮಂದಿಯ ಮುಂದೆ ಅದರ ಸಪ್ಪಳವೊಂದೇ. "ಹೌದ್ರಿ, ಮಜ್ಜಿಗಿ ಕುಡಿದೇನಿ. ರೊಟ್ಟಿನೂ ತಿಂತೇನಿ. ನಮ್ಮ ಓಣ್ಯಾಗ ಹುಟ್ಟಿದಾಗಿಂದ ತಿಂದೇನಿ. ಮಾತು ಮುಗಸೂದಾದ್ರ ಇದನ್ನೂ ನೋಡಿ ಮುಗಸ್ರಿ."

ಅವ್ವ ಕಣ್ಣು ಮುಚ್ಚಿಕೊಂಡಳು.

ಮಾವನವರು ಹೆಂಡತಿಯ ಕಡೆ ತಿರುಗಿದರು. "ಯಾವ ಮಜ್ಜಿಗಿ?"

ಅತ್ತೆ ಸೆರಗು ಸರಿಮಾಡಿಕೊಂಡಳು.

"ಯಾವ ಮಜ್ಜಿಗಿ ಅಂತೇನಿ. ಹುಡಿಗಿ ಬರಾಕ ಒಲ್ಲೆ ಅಂದಾಳ, ತವರ ಮನಿ ಬಿಡವಲ್ಲಳು ಅಂತ ವರ್ಷಪೂರ್ತಿ ಹೇಳಿದಾಕಿ ನೀನ. ಒಲ್ಲದಾಕಿನ್ನ ಎಷ್ಟು ದಿನ ಕಾಯೂದು ಅಂತ ನಾ ಇಲ್ಲಿತನಕ ಬಂದೇನಿ."

ಅಪ್ಪ ಎದ್ದು ನಿಂತುಬಿಟ್ಟ. "ಒಲ್ಲೆ ಅಂದಾಕಿ ಯಾರ್ರಿ? ವರ್ಷಾತು ನಿಮ್ಮ ದಾರಿ ನೋಡಾಕತ್ತು!"

"ನಿಮ್ಮ ನೇಮಕ್ಕ ಹೆದರಿ ಹಂಗಂದೆ" ಎಂದಳು ಅತ್ತೆ. ಅವಳ ದನಿಯಲ್ಲಿ ಈಗ ಬಿಗುವಿರಲಿಲ್ಲ. "ಖರೇ ಸುದ್ದಿ ಹೇಳಿದ್ರ ನೀವು ಅಕೀ ಕೈಲೆ ನೀರು ಕುಡೀತಿದ್ರೇನು? ಮನ್ಯಾಗ ಉಪಾಸ ಕುಂಡರ್ತಿದ್ರಿ. ಮೂವತ್ತು ವರ್ಷ ನಿಮ್ಮ ತಾಟು ಹಚ್ಚಿದಾಕಿ ನಾನು. ನನಗ ಗೊತ್ತಿಲ್ಲೇನು?"

ಅತ್ತೆ ಹೇಳಿದ್ದು ಸುಳ್ಳಲ್ಲ ಎಂದು ನಮಗೂ ಅನ್ನಿಸಿತು. ಮಾವನವರು ಎದ್ದು ಹೋಗುತ್ತಾರೆ ಎಂದೇ ನಾನು ತಿಳಿದೆ. ಅವರು ತಾಟನ್ನು ನೋಡುತ್ತಾ ಕೂತರು. ಬೆಣ್ಣೆ ಕರಗಿ ಕಾಳಿನೊಳಗೆ ಇಳಿಯುತ್ತಿತ್ತು. ಆಮೇಲೆ ರೊಟ್ಟಿ ಮುರಿದರು. ಒಂದು, ಎರಡು, ಮೂರು ರೊಟ್ಟಿಯನ್ನೂ ಯಾರ ಮುಖವನ್ನೂ ನೋಡದೆ ಉಂಡರು. ಉಂಡಿ ತಿಂದರು. ಅಳ್ಳನ್ನು ಕೊನೆಯ ಕಾಳಿನವರೆಗೆ ಆರಿಸಿ ಬಾಯಿಗೆ ಹಾಕಿಕೊಂಡರು. ಮೊಸರಿನ ಗಡಿಗೆ ಹಿಡಿದು ನಾನು ಮುಂದೆ ಬಂದೆ.

"ನೀ ಅಲ್ಲ" ಎಂದರು. ಅಕ್ಕನ ಕಡೆ ತಲೆ ಎತ್ತಿದರು. "ನಾ ಸಾಬರ ರೊಟ್ಟಿ ತಿನ್ನಂಗಿಲ್ಲವ್ವಾ. ಅದು ನನ್ನ ನೇಮ, ಸಾಯೂತನಕ ಇರತೈತಿ. ನೀ ಕೈ ತೊಳಕೊಂಡು ಬಾ. ಮೊಸರು ಹಾಕು."

ಅಕ್ಕ ಕೈ ತೊಳೆದು ಬಂದು ನನ್ನಿಂದ ಗಡಿಗೆ ತೆಗೆದುಕೊಂಡಳು. ಎರಡು ಸೌಟು ಹಾಕಿದಳು. ಅವರು ಉಂಡರು. ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಎತ್ತಿ ಕುಡಿದರು. ಅತ್ತೆ ಬೇರೆ ಕಡೆ ನೋಡುತ್ತಿದ್ದಳು. ಕುಡಿದು ಮುಗಿಯುವವರೆಗೂ ಉಸಿರು ಹಿಡಿದಿದ್ದಳು ಎಂದು ಕಾಣುತ್ತದೆ, ಆಮೇಲೆ ದೊಡ್ಡದಾಗಿ ಬಿಟ್ಟಳು.

"ಹಬ್ಬ ಮುಗಿದ ಮ್ಯಾಲೆ ಹುಡುಗನ್ನ ಕಳಸ್ತೇನಿ" ಎಂದು ಅಪ್ಪನಿಗೆ ಹೇಳಿ, ಮಾವನವರು ಎತ್ತು ನೋಡಲು ಹೊರಗೆ ಹೋದರು.

ಆಮೇಲೆ ಅತ್ತೆಗೆ ತಾಟು ಹಚ್ಚಿದವಳು ಅಕ್ಕನೇ. ಅತ್ತೆ ಉಣ್ಣುತ್ತಾ, ತಲೆ ಎತ್ತದೆ, "ಇನ್ನ ಮ್ಯಾಲೆ ಅಲ್ಲಿ ಏನರ ಕುಡಿಯೂದಿದ್ರ ನನಗ ಹೇಳಿ ಕುಡಿ" ಎಂದಳು.

"ಹೇಳಿದ್ರ ನೀವು ಬ್ಯಾಡ ಅಂತೀರಲ್ರಿ."

"ಅಂತೇನಿ ಮತ್ತ."

"ಹಂಗಾರ ಕುಡದ ಮ್ಯಾಲೆ ಹೇಳ್ತೇನಿ."

ಅತ್ತೆ ಚಟ್ನಿಗೆ ಎಣ್ಣೆ ಕಲಸಿಕೊಂಡಳು. "ಅವರ ಕಿವಿಗೆ ಬೀಳೂ ಮೊದಲ ಹೇಳು" ಎಂದಳು. "ಈ ಸಲದಂಗ ಮುಚ್ಚಿಡಾಕ ಇನ್ನ ನನ್ನ ಕೈಲಿ ಆಗೂದಿಲ್ಲ."

ಹಬ್ಬ ಕಳೆದ ನಾಲ್ಕನೆಯ ದಿನ ಭಾವ ಗಾಡಿ ತಂದರು. ಅಕ್ಕ ಆ ಮನೆಯಲ್ಲಿ ಐವತ್ತು ವರ್ಷ ಬಾಳಿದಳು. ಮಾವ ಕೊನೆಯವರೆಗೂ ಅವಳ ಕೈಯಲ್ಲೇ ಉಂಡರು.